ಟಿನಿಯನ್ ದ್ವೀಪದಲ್ಲಿ ಬಿ-29 ಎಂಜಿನ್ ಕಾದರೆ ಎಲ್ಲಿಂದ ಹುಡುಕಬೇಕು?

1945ರ ಮೊದಲ ತಿಂಗಳುಗಳು. ಜಾಗ, ಪೆಸಿಫಿಕ್ ಸಾಗರದ ಟಿನಿಯನ್ ದ್ವೀಪದ ನಾರ್ತ್ ಫೀಲ್ಡ್ ಅನ್ನುವ ವಿಮಾನ ನೆಲೆ. ಯಂತ್ರ, ಅಮೆರಿಕದ ದೊಡ್ಡ ಬಾಂಬರ್ ವಿಮಾನ ಬೋಯಿಂಗ್ ಬಿ-29. ದೂರು ಮಾತ್ರ ಯಾವಾಗಲೂ ಒಂದೇ: ಎಂಜಿನ್ ಕಾಯುತ್ತಿದೆ, ಅಂದರೆ ಮಿತಿ ಮೀರಿ ಬಿಸಿಯಾಗುತ್ತಿದೆ. ಈ ಕೈಪಿಡಿ ಆ ಒಂದು ದೂರಿನ ಬಗ್ಗೆ. ಎಂಬತ್ತು ವರ್ಷ ತಡವಾಗಿ ಬಂದಿದೆ, ಒಪ್ಪಿದೆ. ಆದರೂ ಹಳೇ ಎಂಜಿನ್‌ಗಳ ಹುಚ್ಚು ಇರುವವರಿಗೆ ದೋಷ ಹುಡುಕುವ ಕ್ರಮ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆ "ಏನು ಕೆಟ್ಟಿದೆ" ಅಲ್ಲ, "ಯಾವಾಗ ಕಾಯಿತು" ಅನ್ನುವುದು. ಬಿ-29ರ ಅರ್ಧ ದೋಷಗಳು ಎಂಜಿನ್ ಒಳಗೆ ಇರಲೇ ಇಲ್ಲ.

ಯಂತ್ರದ ಪರಿಚಯ, ಚುಟುಕಾಗಿ

ರೈಟ್ ಕಂಪನಿಯ ಆರ್-3350 ಎಂಜಿನ್. ಒಂಬತ್ತೊಂಬತ್ತು ಸಿಲಿಂಡರ್‌ಗಳ ಎರಡು ಸಾಲು, ಒಂದರ ಹಿಂದೆ ಒಂದು. ಒಟ್ಟು 18 ಸಿಲಿಂಡರ್, ಸುಮಾರು 55 ಲೀಟರ್ ಸಾಮರ್ಥ್ಯ, ಟೇಕಾಫ್ ಹೊತ್ತಿಗೆ 2,200 ಅಶ್ವಶಕ್ತಿ. ರೇಡಿಯೇಟರ್ ಇಲ್ಲ, ನೀರಿಲ್ಲ. ತಂಪು ಮಾಡುವುದು ಬರೀ ಗಾಳಿ. ಒಂದು ವಿಮಾನಕ್ಕೆ ಇಂಥ ನಾಲ್ಕು.

ಮುಂದಿನ ಸಾಲಿಗೆ ತಾಜಾ ಗಾಳಿ ಸಿಗುತ್ತದೆ. ಹಿಂದಿನ ಸಾಲಿಗೆ ಸಿಗುವುದು ಮುಂದಿನ ಸಿಲಿಂಡರ್‌ಗಳ ನಡುವಿನ ಸಂದಿಯಲ್ಲಿ ತೂರಿ ಬಂದದ್ದು ಮಾತ್ರ. ಆದ್ದರಿಂದ ಹಿಂದಿನ ಸಾಲಿನ ಮೇಲ್ಭಾಗದ ಸಿಲಿಂಡರ್‌ಗಳೇ ಮೊದಲು ಸಾಯುತ್ತವೆ, ಅದರಲ್ಲೂ ಸುಟ್ಟ ಹೊಗೆ ಹೊರಬಿಡುವ ಅವುಗಳ ಎಕ್ಸಾಸ್ಟ್ ವಾಲ್ವ್. ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ.

ಇನ್ನೊಂದು ವಿಷಯ. ತೂಕ ಉಳಿಸಲು ಎಂಜಿನ್‌ನ ಹಲವು ಹೊರಕವಚಗಳನ್ನು ಮೆಗ್ನೀಷಿಯಂ ಮಿಶ್ರಲೋಹದಿಂದ ಮಾಡಿದ್ದಾರೆ. ಮೆಗ್ನೀಷಿಯಂಗೆ ಬೆಂಕಿ ಹತ್ತಿದರೆ ಆರಿಸುವುದು ಕಷ್ಟ. ಕಾರ್ಬನ್ ಡೈಆಕ್ಸೈಡ್ ಬಿಟ್ಟರೂ ಅದು ಉರಿಯುತ್ತಲೇ ಇರುತ್ತದೆ. 1943ರ ಫೆಬ್ರವರಿ 18ರಂದು ಸಿಯಾಟಲ್‌ನಲ್ಲಿ ಬಿ-29ರ ಎರಡನೇ ಮಾದರಿ ವಿಮಾನಕ್ಕೆ ಹಾರಾಟದಲ್ಲಿ ಬೆಂಕಿ ಬಿದ್ದು, ಅದು ಮಾಂಸ ಸಂಸ್ಕರಣೆ ಕಾರ್ಖಾನೆಯೊಂದರ ಮೇಲೆ ಬಿತ್ತು. ಪರೀಕ್ಷಾ ಪೈಲಟ್ ಎಡ್ಡಿ ಅಲೆನ್ ಮತ್ತು ಜೊತೆಗಿದ್ದ ಹತ್ತು ಜನ ಸತ್ತರು. ಕಾರ್ಖಾನೆಯ ಕೆಲಸಗಾರರೂ ಸತ್ತರು. ಹಾಗಾಗಿ ಬಿ-29ರಲ್ಲಿ ಬಿಸಿ ಅಂದರೆ ರಿಪೇರಿ ಖರ್ಚಿನ ಮಾತಲ್ಲ.

ಜಾಗದ ಪರಿಚಯ

ಟಿನಿಯನ್ ಸುಮಾರು ನೂರು ಚದರ ಕಿಲೋಮೀಟರ್‌ನ ಪುಟ್ಟ ದ್ವೀಪ. ಯುದ್ಧಕ್ಕೆ ಮುಂಚೆ ಜಪಾನೀಯರು ಇಲ್ಲಿ ಕಬ್ಬು ಬೆಳೆಯುತ್ತಿದ್ದರು. 1944ರ ಜುಲೈ–ಆಗಸ್ಟ್‌ನಲ್ಲಿ ಅಮೆರಿಕನ್ನರು ವಶಪಡಿಸಿಕೊಂಡರು. ನೌಕಾಪಡೆಯ ನಿರ್ಮಾಣ ತುಕಡಿಗಳಾದ ಸೀಬೀಗಳು ಹವಳದ ಕಲ್ಲು ಒಡೆದು, ಹಾಸಿ, ರೋಲರ್ ಓಡಿಸಿ, ನಾರ್ತ್ ಫೀಲ್ಡ್‌ನಲ್ಲಿ ನಾಲ್ಕು ಸಮಾನಾಂತರ ರನ್‌ವೇ ಕಟ್ಟಿದರು. ಒಂದೊಂದೂ 8,500 ಅಡಿ ಉದ್ದ. ದ್ವೀಪದ ಆಕಾರ ಮ್ಯಾನ್‌ಹಟನ್ ಥರ ಇದೆ ಅಂತ ರಸ್ತೆಗಳಿಗೆ ಬ್ರಾಡ್‌ವೇ, 42ನೇ ಸ್ಟ್ರೀಟ್ ಅಂತ ಹೆಸರಿಟ್ಟರು. ಮನೆ ನೆನಪು ಯಾರನ್ನೂ ಬಿಡುವುದಿಲ್ಲ.

ದೋಷ ಹುಡುಕುವವರು ಈ ಜಾಗದ ಬಗ್ಗೆ ಮೂರು ವಿಷಯ ತಿಳಿದಿರಬೇಕು. ಇಲ್ಲಿಂದ ಜಪಾನ್‌ಗೆ ಸುಮಾರು 2,400 ಕಿಲೋಮೀಟರ್. ಹೋಗಿ ಬರಲು 14–15 ಗಂಟೆ, ಪೂರ್ತಿ ಸಮುದ್ರದ ಮೇಲೆ. ಆದ್ದರಿಂದ ವಿಮಾನ ಯಾವಾಗಲೂ ಇಂಧನ ತುಂಬಿಕೊಂಡು ಮೈಭಾರವಾಗಿಯೇ ಹೊರಡುತ್ತದೆ, 60 ಟನ್‌ಗೂ ಜಾಸ್ತಿ. ಎರಡನೆಯದು, ಗಾಳಿಯಲ್ಲಿ ಉಪ್ಪು ಮತ್ತು ತೇವ. ತಾಮ್ರದ ತಂತಿ, ಕನೆಕ್ಟರ್, ಸ್ವಿಚ್ ಎಲ್ಲವನ್ನೂ ಅದು ಮೆಲ್ಲಗೆ ತಿನ್ನುತ್ತದೆ. ಮೂರನೆಯದು, ಹವಳದ ಬಿಳಿ ಪುಡಿ. ಮುಂದಿನ ವಿಮಾನದ ಪ್ರೊಪೆಲ್ಲರ್ ಎಬ್ಬಿಸುವ ಧೂಳು ಹಿಂದಿನ ವಿಮಾನದ ಸಿಲಿಂಡರ್ ರೆಕ್ಕೆಗಳ (ತಂಪಿಗೆಂದು ಸಿಲಿಂಡರ್ ಮೇಲೆ ಇರುವ ತೆಳು ಫಿನ್‌ಗಳ) ಸಂದಿಗೆ ಹೋಗಿ ಕೂರುತ್ತದೆ. ಅಲ್ಲಿ ಎಣ್ಣೆಯ ತೇವ ಇದ್ದರೆ ಗಾರೆಯ ಹಾಗೆ ಗಟ್ಟಿಯಾಗುತ್ತದೆ.

ಬಿಸಿಲಿನ ಮೇಲೆ ತಪ್ಪು ಹಾಕುವ ಮುಂಚೆ ಒಂದು ಲೆಕ್ಕ ನೋಡಿ. ಟಿನಿಯನ್‌ನಲ್ಲಿ ತಾಪಮಾನ 30 ಡಿಗ್ರಿ ಆಸುಪಾಸು. ಇದೇ ವಿಮಾನಗಳು 1944ರ ಏಪ್ರಿಲ್‌ನಲ್ಲಿ ಮೊದಲ ಸಲ ನಮ್ಮ ಕಡೆ ಬಂದಾಗ ಕರಾಚಿ ಸುತ್ತಮುತ್ತ 45 ಡಿಗ್ರಿ ದಾಟಿದ ಬಿಸಿಲಲ್ಲಿ ಒಂದರ ಹಿಂದೆ ಒಂದು ಬಿದ್ದವು. ಹಾರಾಟವನ್ನೇ ಕೆಲವು ದಿನ ನಿಲ್ಲಿಸಬೇಕಾಯಿತು. ಆಮೇಲೆ ಬಂದ ಮಾರ್ಪಾಡುಗಳು ಎಷ್ಟೋ ಸಹಾಯ ಮಾಡಿದವು. ಖರಗ್‌ಪುರ, ಚಾಕುಲಿಯಾ ಕಡೆಯ ನೆಲೆಗಳಲ್ಲಿ ಇದ್ದ ಬಿ-29ಗಳ ತಂಡ, 58ನೇ ವಿಂಗ್, 1945ರಲ್ಲಿ ಟಿನಿಯನ್‌ನ ವೆಸ್ಟ್ ಫೀಲ್ಡ್‌ಗೆ ಬಂತು. ಬಂಗಾಳದ ಬೇಸಿಗೆ ಕಂಡು ಬಂದ ಆ ಮೆಕ್ಯಾನಿಕ್‌ಗಳ ಹತ್ತಿರ ಟಿನಿಯನ್ ಸೆಖೆ ಅಂದರೆ ನಕ್ಕಿರಬೇಕು. ಅದೇ ಕಾಲಕ್ಕೆ ನಮ್ಮ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯೂ ಅಮೆರಿಕದ ವಾಯುಪಡೆಯ ಕೈಯಲ್ಲಿ ಇದ್ದು, ಅವರ ವಿಮಾನಗಳ ರಿಪೇರಿ ಮಾಡುತ್ತಿತ್ತು. ಅದು ಬೇರೆ ಕಥೆ.

ಗೇಜ್ ಸುಳ್ಳು ಹೇಳುತ್ತಿದೆಯಾ?

ಫ್ಲೈಟ್ ಎಂಜಿನಿಯರ್ ಕೋ-ಪೈಲಟ್‌ನ ಬೆನ್ನ ಹಿಂದೆ, ವಿಮಾನದ ಬಾಲದ ಕಡೆ ಮುಖ ಮಾಡಿ ಕೂರುತ್ತಾನೆ. ಅವನ ಮುಂದೆ ಗೇಜ್‌ಗಳ ಗೋಡೆ. ಅದರಲ್ಲಿ ಸಿಲಿಂಡರ್ ಹೆಡ್ ತಾಪಮಾನದ ಮುಳ್ಳು ನಮ್ಮ ಮುಖ್ಯ ಸಾಕ್ಷಿ. ನೆನಪಿಡಬೇಕಾದ ಮಿತಿಗಳು ಇವು: ಓಟ ಶುರು ಮಾಡುವ ಮುಂಚೆ 220 ಡಿಗ್ರಿ ಸೆಲ್ಸಿಯಸ್ ಮೀರಿರಬಾರದು. ಟೇಕಾಫ್‌ನಲ್ಲಿ 260ರವರೆಗೆ, ಅದೂ ಐದೇ ನಿಮಿಷ. ಏರುವಾಗ 248. ಸಮಾನ ಹಾರಾಟದಲ್ಲಿ 232.

ಈ ಸಾಕ್ಷಿಯನ್ನು ಎಷ್ಟು ನಂಬಬಹುದು? ಸಿಲಿಂಡರ್‌ಗೆ ಅಂಟಿಕೊಂಡಿರುವುದು ಥರ್ಮೋಕಪಲ್, ಅಂದರೆ ಎರಡು ಬೇರೆ ಲೋಹದ ತಂತಿಗಳ ಗಂಟು. ಬಿಸಿಯಾದರೆ ಅದರಲ್ಲೇ ಸಣ್ಣ ವೋಲ್ಟೇಜ್ ಹುಟ್ಟುತ್ತದೆ, ಅದೇ ಮುಳ್ಳನ್ನು ತಳ್ಳುತ್ತದೆ. ಬ್ಯಾಟರಿ ಬೇಕಿಲ್ಲ. ಇಲ್ಲೊಂದು ಉಪಯೋಗಕ್ಕೆ ಬರುವ ವಿಷಯ ಇದೆ. ಉಪ್ಪುಗಾಳಿಗೆ ಕನೆಕ್ಟರ್ ಕಿಲುಬು ಹಿಡಿದರೆ ಪ್ರತಿರೋಧ ಹೆಚ್ಚುತ್ತದೆ, ಮುಳ್ಳು ಕೆಳಗೆ ನಿಲ್ಲುತ್ತದೆ. ತಂತಿ ತುಂಡಾದರೆ ಮುಳ್ಳು ಏಳುವುದೇ ಇಲ್ಲ. ಅಂದರೆ ಈ ವ್ಯವಸ್ಥೆ ಕೆಟ್ಟಾಗ ಹೆಚ್ಚಾಗಿ ಕಡಿಮೆ ತೋರಿಸುತ್ತದೆ, ಜಾಸ್ತಿ ತೋರಿಸುವುದು ಅಪರೂಪ. ಆದ್ದರಿಂದ ಮುಳ್ಳು ಮೇಲಿದ್ದರೆ "ಗೇಜ್ ಸರಿ ಇಲ್ಲ ಬಿಡು" ಅನ್ನಬೇಡಿ. ನಂಬಿ. ಅನುಮಾನ ಪಡಬೇಕಾದದ್ದು ಪಕ್ಕದ ಮೂರಕ್ಕಿಂತ ಯಾವಾಗಲೂ ಹತ್ತಿಪ್ಪತ್ತು ಡಿಗ್ರಿ ತಂಪಾಗಿ ಓಡುವ "ಒಳ್ಳೆಯ" ಎಂಜಿನ್ ಮೇಲೆ.

ತಂತಿ ಉದ್ದ ಜಾಸ್ತಿ ಅಂತ ಕತ್ತರಿಸಿ ಕಟ್ಟಬೇಡಿ. ಆ ಉದ್ದಕ್ಕೆ, ಆ ಪ್ರತಿರೋಧಕ್ಕೆ ಹೊಂದಿಸಿಯೇ ಗೇಜ್ ಮಾಡಿರುತ್ತಾರೆ. ಉಳಿದದ್ದನ್ನು ಸುರುಳಿ ಸುತ್ತಿ ಕಟ್ಟಿ.

ಇನ್ನೂ ಒಂದು ಮಿತಿ ಇದೆ. ಗೇಜ್ ನೋಡುವುದು 18ರಲ್ಲಿ ಒಂದೇ ಸಿಲಿಂಡರನ್ನು. ಉಳಿದ 17ರಲ್ಲಿ ಯಾವುದೋ ಒಂದು ಸುಡುತ್ತಿದ್ದರೂ ಮುಳ್ಳಿಗೆ ಗೊತ್ತಾಗುವುದಿಲ್ಲ. ಗೇಜ್ ಸರಿ ಇದೆ, ಆದರೆ ಎಂಜಿನ್ ಒರಟಾಗಿ ಓಡುತ್ತಿದೆ ಅಂತ ಎಂಜಿನಿಯರ್ ಬರೆದರೆ ಅವನ ಮಾತಿಗೆ ಬೆಲೆ ಕೊಡಿ.

ನಾಲ್ಕೂ ಕಾಯುತ್ತಿವೆಯಾ, ಒಂದೇ ಕಾಯುತ್ತಿದೆಯಾ?

ಇದೇ ದೊಡ್ಡ ಕವಲು. ನಾಲ್ಕೂ ಒಟ್ಟಿಗೆ ಕೆಡುವುದು ಅಸಾಧ್ಯಕ್ಕೆ ಹತ್ತಿರ. ನಾಲ್ಕು ಮುಳ್ಳುಗಳೂ ಒಟ್ಟಿಗೆ ಏರಿದರೆ ದೋಷ ಎಂಜಿನ್‌ನಲ್ಲಿ ಇಲ್ಲ. ತೂಕದಲ್ಲಿ ಇದೆ, ಓಡಿಸಿದ ರೀತಿಯಲ್ಲಿ ಇದೆ, ಸರದಿಗಾಗಿ ಸಾಲಿನಲ್ಲಿ ನಿಂತ ಸಮಯದಲ್ಲಿ ಇದೆ.

ಮೊದಲು ಕ್ಯೂ ನೋಡಿ. ನೂರಾರು ವಿಮಾನ ಒಂದೇ ಸಂಜೆ ಹೊರಡುತ್ತವೆ. ಟ್ಯಾಕ್ಸಿವೇಯಲ್ಲಿ ಸಾಲು ನಿಂತಿರುತ್ತದೆ. ಪ್ರೊಪೆಲ್ಲರ್ ನಿಧಾನ, ಗಾಳಿ ಸಾಲದು, ಬೆನ್ನ ಹಿಂದಿನಿಂದ ಗಾಳಿ ಬೀಸಿದರಂತೂ ಕೇಳಲೇಬೇಡಿ. ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಅರ್ಧ ಗಂಟೆ ನಿಂತ ಏರ್‌ಕೂಲ್ಡ್ ಬೈಕ್‌ನ ಪಾಡೇ ಇದರದ್ದೂ. ಪರಿಹಾರ ಸರಳ. ನಿಂತಾಗ ಮೂಗು ಗಾಳಿಗೆ ತಿರುಗಿಸಿ. ಎಂಜಿನ್ ಹೊದಿಕೆಯ ರೆಪ್ಪೆಗಳನ್ನು, ಅಂದರೆ ಕೌಲ್ ಫ್ಲ್ಯಾಪ್‌ಗಳನ್ನು, ಪೂರ್ತಿ ತೆರೆದಿಡಿ. ಎಂಜಿನ್‌ಗಳ ಜೋರು ಪರೀಕ್ಷೆಯನ್ನು ಅನಗತ್ಯವಾಗಿ ಎಳೆಯಬೇಡಿ, ಒಂದೊಂದೇ ಎಂಜಿನ್ ಬೇಗ ಮುಗಿಸಿ. ತೀರಾ ಕಡಿಮೆ ವೇಗದಲ್ಲಿ ಬಹಳ ಹೊತ್ತು ಬಿಟ್ಟರೆ ಪ್ಲಗ್‌ಗಳಿಗೆ ಮಸಿ ಹಿಡಿಯುತ್ತದೆ. ಆ ಮಸಿ ಸುಡಲು ಎಂಜಿನ್ ಜೋರು ಮಾಡುತ್ತಾರೆ, ಅದರಿಂದ ಇನ್ನೂ ಕಾಯುತ್ತದೆ. ಈ ಸುಳಿಗೆ ಬೀಳಬೇಡಿ.

ಮುಳ್ಳು 220ರ ಮೇಲಿದ್ದಾಗ ಸರದಿ ಬಂದರೆ? ಪಕ್ಕಕ್ಕೆ ಸರಿದು, ಮುಳ್ಳು ಇಳಿಯುವವರೆಗೆ ನಿಲ್ಲುವುದೇ ಸರಿ. ಹಿಂದೆ ನಿಂತವರು ಬೈಯಬಹುದು, ಬೈಯಲಿ.

ಆಮೇಲೆ ಕೌಲ್ ಫ್ಲ್ಯಾಪ್. ಇವು ಎಂಜಿನ್ ಹೊದಿಕೆಯ ಹಿಂದಿನ ಅಂಚಿನ ರೆಪ್ಪೆಗಳು. ತೆರೆದರೆ ಒಳಗಿನ ಬಿಸಿಗಾಳಿ ಹೊರಗೆ ಎಳೆದುಕೊಂಡು ಹೋಗುತ್ತದೆ. "ಕಾಯುತ್ತಿದೆ, ತೆರೆ" ಅನ್ನಿಸುವುದು ಸಹಜ ಅಲ್ವಾ? ಹಾರಾಟದಲ್ಲಿ ಇಲ್ಲೇ ಎಡವುವುದು. ಪೂರ್ತಿ ತೆರೆದ ಫ್ಲ್ಯಾಪ್‌ಗಳು ಗಾಳಿಗೆ ಅಡ್ಡ ನಿಲ್ಲುತ್ತವೆ, ವಿಮಾನದ ವೇಗ ಬೀಳುತ್ತದೆ. ವೇಗ ಬಿದ್ದರೆ ಎಂಜಿನ್ ಒಳಗೆ ನುಗ್ಗುವ ಗಾಳಿಯೂ ಕಡಿಮೆ. ವೇಗ ಉಳಿಸಲು ಥ್ರಾಟಲ್ ಹೆಚ್ಚಿಸಿದರೆ ಬಿಸಿ ಹೆಚ್ಚು. ಆದ್ದರಿಂದ ಓಟ ಶುರುವಾದ ಮೇಲೆ ಎಂಜಿನಿಯರ್ ಫ್ಲ್ಯಾಪ್‌ಗಳನ್ನು ಮೆಲ್ಲಗೆ ಮುಚ್ಚುತ್ತಾ ಬರಬೇಕು. ನೆಲ ಬಿಟ್ಟ ಕೂಡಲೇ ಪೈಲಟ್ ಮೂಗು ಎತ್ತಬಾರದು. ರನ್‌ವೇ ಮುಗಿದ ಕಡೆ ನೆಲ ಕಡಿದು ಸಮುದ್ರಕ್ಕೆ ಇಳಿಯುತ್ತದೆ. ಆ ಎತ್ತರವನ್ನೂ ಬಿಟ್ಟುಕೊಟ್ಟು, ಅಲೆಗಳ ಮೇಲೆ ತಗ್ಗಿನಲ್ಲೇ ಹಾರಿ ವೇಗ ಕೂಡಿಸಿಕೊಂಡು, ಆಮೇಲೆ ಮೆಲ್ಲಗೆ ಏರಬೇಕು. ಹೊಸಬರಿಗೆ ಇದು ಹುಚ್ಚು ಅನ್ನಿಸುತ್ತದೆ. ಮುಳ್ಳು ಇಳಿಯುವುದು ನೋಡಿದ ಮೇಲೆ ಯಾರೂ ವಾದ ಮಾಡುವುದಿಲ್ಲ.

ಹಾಗಾಗಿ "ಟೇಕಾಫ್ ಆದಮೇಲೆ ನಾಲ್ಕೂ ಕಾದವು" ಅಂತ ಬರೆದು ವಾಪಸ್ ಬಂದ ವಿಮಾನದ ಬಾನೆಟ್ ಬಿಚ್ಚಬೇಡಿ. ಎಂಜಿನಿಯರ್‌ನ ಲಾಗ್ ತೆಗೆದು ನೋಡಿ. ಏರುವಾಗ ವೇಗ ಎಷ್ಟಿತ್ತು, ಫ್ಲ್ಯಾಪ್ ಎಷ್ಟು ತೆರೆದಿತ್ತು, ಮಿಶ್ರಣ ಆಟೋ ರಿಚ್‌ನಲ್ಲಿ (ಪೆಟ್ರೋಲ್ ಹೆಚ್ಚು) ಇತ್ತಾ ಅಂತ. ಇಂಧನ ಉಳಿಸೋಣ ಅಂತ ಭಾರದ ಏರಿಕೆಯಲ್ಲೇ ಆಟೋ ಲೀನ್‌ಗೆ (ಪೆಟ್ರೋಲ್ ಕಡಿಮೆ) ಹಾಕಿದವರು ಇರುತ್ತಾರೆ. ಹೆಚ್ಚುವರಿ ಪೆಟ್ರೋಲ್ ಸಿಲಿಂಡರ್ ಒಳಗೆ ಆವಿಯಾಗುತ್ತಾ ತಂಪು ಮಾಡುತ್ತದೆ. ಅದನ್ನು ಕಿತ್ತುಕೊಂಡರೆ ತಲೆ ಕಾಯದೆ ಇನ್ನೇನಾಗುತ್ತದೆ.

ಒಂದೇ ಎಂಜಿನ್ ಕಾದರೆ

ಈಗ ಏಣಿ ತನ್ನಿ. ಹುಡುಕುವ ಕ್ರಮ: ಮೊದಲು ಗಾಳಿ, ಆಮೇಲೆ ಇಂಧನ, ಆಮೇಲೆ ಕಿಡಿ, ಕೊನೆಗೆ ವಾಲ್ವ್. ಸುಲಭವಾಗಿ ಕಾಣುವುದರಿಂದ ಕಷ್ಟದ ಕಡೆಗೆ. ಕತ್ತಲಲ್ಲಿ, ಮಳೆಯಲ್ಲಿ, ಟಾರ್ಚ್ ಹಲ್ಲಲ್ಲಿ ಕಚ್ಚಿಕೊಂಡು ಮಾಡುವ ಕೆಲಸ ಇದು. ಕ್ರಮ ತಪ್ಪಿದರೆ ಬೆಳಗಾಗುತ್ತದೆ.

ಗಾಳಿ. ಈ ವಿಮಾನದ ಕೌಲ್ ಫ್ಲ್ಯಾಪ್‌ಗಳು ವಿದ್ಯುತ್ ಮೋಟರ್‌ನಿಂದ ಆಡುತ್ತವೆ. ಕಾಕ್‌ಪಿಟ್‌ನಲ್ಲಿ ಸ್ವಿಚ್ ಒತ್ತಿಸಿ, ನೀವು ಕೆಳಗೆ ನಿಂತು ಕಣ್ಣಾರೆ ನೋಡಿ. ಪೂರ್ತಿ ತೆರೆಯಿತಾ? ಪಕ್ಕದ ಎಂಜಿನ್‌ನಷ್ಟೇ ಬೇಗ ಆಡಿತಾ? ನಿಧಾನವಾದರೆ ಮೋಟರ್‌ಗೆ ಬೈಯುವ ಮುಂಚೆ ವೋಲ್ಟೇಜ್ ನೋಡಿ. ಎಂಜಿನ್ ನಿಧಾನವಾಗಿ ಓಡುವಾಗ ಜನರೇಟರ್‌ಗಳು ಸಾಕಷ್ಟು ಕೊಡುವುದಿಲ್ಲ. ಹಿಂಭಾಗದಲ್ಲಿರುವ ಪುಟ್ಟ ಸಹಾಯಕ ಎಂಜಿನ್, ಎಲ್ಲರೂ "ಪಟ್-ಪಟ್" ಅನ್ನುವುದು, ಓಡುತ್ತಿರಬೇಕು.

ಬಳಿಕ ಬ್ಯಾಫಲ್‌ಗಳು. ಸಿಲಿಂಡರ್‌ಗಳ ನಡುವೆ ಗಾಳಿಯನ್ನು ರೆಕ್ಕೆಗಳಿಗೆ ಒತ್ತಿ ಹಿಡಿಯುವ ತಗಡಿನ ತುಂಡುಗಳು ಇವು. ನೋಡಲು ಏನೂ ಅಲ್ಲ. ಆದರೆ ಒಂದು ಸ್ಕ್ರೂ ಬಿದ್ದು ತಗಡು ಅರ್ಧ ಇಂಚು ಸರಿದರೆ ಗಾಳಿ ಸುಲಭದ ದಾರಿ ಹಿಡಿದು ಸಿಲಿಂಡರ್ ಮುಟ್ಟದೆ ಆಚೆ ಹೋಗುತ್ತದೆ. ಹಿಂದಿನ ಸಾಲಿನ ಮೇಲಿನ ಸಿಲಿಂಡರ್‌ಗಳ ಬ್ಯಾಫಲ್ ಕೈಯಿಂದ ಅಲ್ಲಾಡಿಸಿ ನೋಡಿ. ಅಲ್ಲಾಡಬಾರದು. ರೆಕ್ಕೆಗಳ ಸಂದಿಯಲ್ಲಿ ಬಿಳಿ ಗಾರೆ ಕಂಡರೆ ಮರದ ಕಡ್ಡಿಯಿಂದ ಕೆರೆದು ತೆಗೆಯಿರಿ. ಸ್ಕ್ರೂಡ್ರೈವರ್ ಹಾಕಿದರೆ ರೆಕ್ಕೆ ಮುರಿಯುತ್ತದೆ, ಆಮೇಲೆ ಅಲ್ಲೇ ಬಿಸಿ ನಿಲ್ಲುತ್ತದೆ. ಹಾಗೆಯೇ ಪ್ರೊಪೆಲ್ಲರ್ ಬುಡದಲ್ಲಿ ಕಫ್‌ಗಳು ಇವೆಯಾ ನೋಡಿ. ಗಾಳಿಯನ್ನು ಒಳಗೆ ತಳ್ಳಲೆಂದೇ ಅವುಗಳನ್ನು ಕೊಟ್ಟಿದ್ದು.

ಇಂಧನ. ಇಲ್ಲಿ ನನಗೆ ಬಹಳ ಇಷ್ಟದ ಲಕ್ಷಣ ಒಂದಿದೆ. ಎಂಜಿನ್ ಐಡಲ್‌ನಲ್ಲಿ, ಅಂದರೆ ತೀರಾ ನಿಧಾನ ಓಡುವಾಗ, ಒರಟು, ಜೋರು ಮಾಡಿದರೆ ನಯ. ಕಾರಣ ಸಿಲಿಂಡರ್‌ಗೆ ಗಾಳಿ-ಪೆಟ್ರೋಲ್ ಮಿಶ್ರಣ ತರುವ ಇನ್‌ಟೇಕ್ ಪೈಪಿನ ಸೀಲ್. ಐಡಲ್‌ನಲ್ಲಿ ಪೈಪಿನೊಳಗೆ ಒತ್ತಡ ಹೊರಗಿಗಿಂತ ಕಡಿಮೆ, ಸೀಲ್ ಬಿರುಕಿನಿಂದ ಗಾಳಿ ಒಳಗೆ ನುಗ್ಗುತ್ತದೆ, ಆ ಒಂದು ಸಿಲಿಂಡರ್‌ಗೆ ಪೆಟ್ರೋಲ್ ಸಾಲದಾಗುತ್ತದೆ. ಜೋರು ಮಾಡಿದಾಗ ಸೂಪರ್‌ಚಾರ್ಜರ್ ಒತ್ತಡ ತುಂಬುತ್ತದೆ, ಈಗ ಮಿಶ್ರಣವೇ ಹೊರಗೆ ಸೋರುತ್ತದೆ. ಅದು ಕುರುಹು ಬಿಟ್ಟು ಹೋಗುತ್ತದೆ. 100/130 ಪೆಟ್ರೋಲ್‌ಗೆ ಹಸಿರು ಬಣ್ಣ ಹಾಕಿರುತ್ತಾರೆ. ಪೈಪಿನ ಬುಡದಲ್ಲಿ ಹಸಿರು ಕಲೆ ಕಂಡರೆ ಸೀಲ್ ಬದಲಿಸಿ, ಮುಂದೆ ಹುಡುಕಬೇಡಿ.

ಕಿಡಿ. ಸಿಲಿಂಡರ್‌ಗೆ ಎರಡು ಪ್ಲಗ್, ಎಂಜಿನ್‌ಗೆ 36, ವಿಮಾನಕ್ಕೆ 144. ಎಲ್ಲವನ್ನೂ ಬಿಚ್ಚಲು ಹೊರಟರೆ ಯುದ್ಧ ಮುಗಿಯುತ್ತದೆ. ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ ಕೊಡುವ ಮ್ಯಾಗ್ನೆಟೋಗಳ ಪರೀಕ್ಷೆ ಮಾಡಿ. ಒಂದು ಮ್ಯಾಗ್ನೆಟೋ ಆಫ್ ಮಾಡಿದಾಗ ಎಂಜಿನ್ ವೇಗ ಸ್ವಲ್ಪ ಇಳಿಯಬೇಕು. ಜಾಸ್ತಿ ಇಳಿದು ನಡುಗಿದರೆ ಆ ಬದಿಯ ಯಾವುದೋ ಪ್ಲಗ್ ಸತ್ತಿದೆ. ಏನೂ ಇಳಿಯದಿದ್ದರೂ ಖುಷಿ ಪಡಬೇಡಿ, ಸ್ವಿಚ್ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ಆಗ ಪ್ರೊಪೆಲ್ಲರ್ ಹತ್ತಿರ ಹೋಗುವುದೂ ಅಪಾಯ.

ಯಾವ ಪ್ಲಗ್ ಅಂತ ಹೇಗೆ ಹುಡುಕುವುದು? ಎಂಜಿನ್ ತಣ್ಣಗಿರುವಾಗ ಶುರು ಮಾಡಿ, ಕೆಟ್ಟ ಮ್ಯಾಗ್ನೆಟೋ ಮೇಲೆ ಮಾತ್ರ ಸ್ವಲ್ಪ ಹೊತ್ತು ಓಡಿಸಿ, ನಿಲ್ಲಿಸಿ. ತಕ್ಷಣ ಒದ್ದೆ ಬಟ್ಟೆ ಹಿಡಿದು ಒಂದೊಂದೇ ಎಕ್ಸಾಸ್ಟ್ ಪೈಪ್ ಮುಟ್ಟುತ್ತಾ ಹೋಗಿ. ಚುಂಯ್ ಅಂದರೆ ಆ ಸಿಲಿಂಡರ್ ದುಡಿದಿದೆ. ಸುಮ್ನೆ ಇದ್ದರೆ ಅದೇ ಕಳ್ಳ. ಆ ಪ್ಲಗ್ ಬಿಚ್ಚಿ ಮುಖ ನೋಡಿ. ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು. ಎಣ್ಣೆ ಜಿಡ್ಡು ಇದ್ದರೆ ರಿಂಗ್ ಸವೆದಿದೆ. ಬೂದು ಮುತ್ತಿನಂಥ ಕಾಳುಗಳು ಪೆಟ್ರೋಲ್‌ಗೆ ಬೆರೆಸಿದ ಸೀಸದವು. ಬೆಳ್ಳಗೆ ಸುಟ್ಟು ಗುಳ್ಳೆ ಎದ್ದಿದ್ದರೆ ಆ ಸಿಲಿಂಡರ್ ಪೆಟ್ರೋಲ್ ಸಾಲದೆ ಕಾದಿದೆ. ಆಗ ಮತ್ತೆ ಇನ್‌ಟೇಕ್ ಪೈಪ್‌ಗೆ ವಾಪಸ್.

ವಾಲ್ವ್. ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ. ನಾಲ್ಕು ರೆಕ್ಕೆ, ತುದಿಯಿಂದ ತುದಿಗೆ ಐದು ಮೀಟರ್. ಒಂದು ರೆಕ್ಕೆಗೆ ಇಬ್ಬರು ಬೇಕು. ಪ್ರತಿ ಕಂಪ್ರೆಷನ್‌ಗೂ ಕೈಗೆ ಸಮ ಒತ್ತಡ ಸಿಗಬೇಕು. ಎಲ್ಲೋ ಒಂದು ಕಡೆ ಮೆತ್ತಗೆ ಜಾರಿದರೆ ನಿಲ್ಲಿಸಿ, ಕಿವಿ ಕೊಡಿ. ಎಕ್ಸಾಸ್ಟ್‌ನಲ್ಲಿ ಸುಸ್ ಅಂದರೆ ಎಕ್ಸಾಸ್ಟ್ ವಾಲ್ವ್. ಕಾರ್ಬುರೇಟರ್ ಕಡೆ ಕೇಳಿಸಿದರೆ ಇನ್‌ಟೇಕ್ ವಾಲ್ವ್. ಬ್ರೀದರ್‌ನಲ್ಲಿ, ಅಂದರೆ ಎಂಜಿನ್ ಒಡಲಿನ ಗಾಳಿ ಹೊರಬಿಡುವ ಕೊಳವೆಯಲ್ಲಿ, ಕೇಳಿಸಿದರೆ ಪಿಸ್ಟನ್ ರಿಂಗ್. ಈ ಎಂಜಿನ್‌ನಲ್ಲಿ ಹೆಚ್ಚಾಗಿ ಮೊದಲನೆಯದು. ಸೋರುವ ಎಕ್ಸಾಸ್ಟ್ ವಾಲ್ವ್ ಇರುವ ಸಿಲಿಂಡರನ್ನು "ಇನ್ನೊಂದು ಟ್ರಿಪ್ ಹೋಗಿ ಬರಲಿ" ಅಂತ ಬಿಡಬೇಡಿ. ವಾಲ್ವ್ ತಲೆ ಮುರಿದು ಒಳಗೆ ಬಿದ್ದರೆ ಪಿಸ್ಟನ್, ಸಿಲಿಂಡರ್ ಎಲ್ಲ ಚೂರು. ಮೆಕ್ಯಾನಿಕ್‌ಗಳ ಭಾಷೆಯಲ್ಲಿ ಎಂಜಿನ್ ವಾಲ್ವ್ ನುಂಗಿತು.

ಎಣ್ಣೆ ಏನು ಹೇಳುತ್ತದೆ

ವಾಲ್ವ್‌ಗಳು ಬೇಗ ಸಾಯಲು ಎಣ್ಣೆಯೂ ಕಾರಣ. ಮೇಲಿನ ಸಿಲಿಂಡರ್‌ಗಳ ರಾಕರ್ ಬಾಕ್ಸ್‌ಗೆ, ಅಂದರೆ ವಾಲ್ವ್ ಆಡಿಸುವ ಸನ್ನೆಗಳಿರುವ ಪೆಟ್ಟಿಗೆಗೆ, ಎಣ್ಣೆ ಸರಿಯಾಗಿ ತಲುಪುತ್ತಿರಲಿಲ್ಲ. ಅದಕ್ಕೇ ಎರಡೂ ಸಾಲಿನ ಮೇಲಿನ ಐದೈದು ಸಿಲಿಂಡರ್‌ಗಳಿಗೆ ಇನ್‌ಟೇಕ್ ಕಡೆಯಿಂದ ಎಕ್ಸಾಸ್ಟ್ ಕಡೆಗೆ ಎಣ್ಣೆ ದಾಟಿಸುವ ಸಣ್ಣ ಕೊಳವೆ ಹಾಕುವ ಮಾರ್ಪಾಡು ಬಂತು. ನಿಮ್ಮ ಎಂಜಿನ್‌ಗೆ ಆ ಕೊಳವೆ ಇದೆಯಾ ಮೊದಲು ನೋಡಿ. ಇದ್ದರೆ ಅದು ಕಟ್ಟಿಕೊಂಡಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ.

ಎಣ್ಣೆ ಜಾಲರಿ ಬಿಚ್ಚಿ, ಸಿಕ್ಕ ಕಸವನ್ನು ಬಿಳಿ ಬಟ್ಟೆ ಮೇಲೆ ಸುರಿಯಿರಿ. ಕರಿ ಇದ್ದಿಲು ಬೆರಳಲ್ಲಿ ಪುಡಿಯಾಗುತ್ತದೆ, ಚಿಂತೆ ಇಲ್ಲ. ಮಿನುಗುವ ಚೂರು ಇದ್ದರೆ ಅದರ ಜಾತಿ ಕಂಡುಹಿಡಿಯಬೇಕು. ಮ್ಯಾಗ್ನೆಟ್ ಹಿಡಿಯಿರಿ. ಅಂಟಿದರೆ ಉಕ್ಕು, ಅಂದರೆ ಗೇರ್ ಅಥವಾ ರಿಂಗ್. ಅಂಟದಿದ್ದರೆ ಬಿಸಿ ಸಾಲ್ಡರಿಂಗ್ ಐರನ್ ಮುಟ್ಟಿಸಿ. ಕರಗಿದರೆ ತವರ ಅಥವಾ ಸೀಸ, ಬೇರಿಂಗ್ ಹೊದಿಕೆ ಇರಬಹುದು. ಕರಗದ್ದನ್ನು ಹೈಡ್ರೋಕ್ಲೋರಿಕ್ ಆಮ್ಲದ ಹನಿಗೆ ಹಾಕಿ. ಗುಳ್ಳೆ ಎದ್ದು ಕರಗಿದರೆ ಅಲ್ಯೂಮಿನಿಯಂ, ಪಿಸ್ಟನ್ ಸವೆಯುತ್ತಿದೆ. ಒಂದೆರಡು ಚೂರಾದರೆ ಜಾಲರಿ ತೊಳೆದು, ನೆಲದಲ್ಲಿ ಓಡಿಸಿ, ಮತ್ತೆ ನೋಡಿ. ಮತ್ತೆ ಬಂದರೆ ಎಂಜಿನ್ ಇಳಿಸಿ.

ಹಾರಾಟದಲ್ಲಿ ಢಂ ಅಂದರೆ

ಬ್ಯಾಕ್‌ಫೈರ್ ಅಂದರೆ ಜ್ವಾಲೆ ಹಿಂದಕ್ಕೆ, ಇನ್‌ಟೇಕ್ ಒಳಗೆ ಹೋಗಿದೆ. ಅಲ್ಲಿ ಮೆಗ್ನೀಷಿಯಂ ಇದೆ. ಪಕ್ಕದ ಗಾಜಿನ ಗುಳ್ಳೆಯಲ್ಲಿ ಕೂತ ಗನ್ನರ್‌ಗಳು ಎಂಜಿನ್ ನೋಡುತ್ತಲೇ ಇರಬೇಕು. ಹೊಗೆ, ಎಣ್ಣೆ ಗೆರೆ, ಕಿಡಿ, ಏನು ಕಂಡರೂ ಇಂಟರ್‌ಕಾಮ್‌ನಲ್ಲಿ ಹೇಳಬೇಕು. ಒಳಗಿನ ಬೆಂಕಿ ಹೊರಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಮ್ಯಾನಿಫೋಲ್ಡ್ ಒತ್ತಡ (ಇನ್‌ಟೇಕ್ ಒಳಗಿನ ಒತ್ತಡ) ಕಾರಣವಿಲ್ಲದೆ ಬಿದ್ದು ಎಂಜಿನ್ ನಡುಗಿದರೆ ಚರ್ಚೆ ಬೇಡ, ಇಂಧನ ಮುಚ್ಚಿ, ಪ್ರೊಪೆಲ್ಲರ್ ಫೆದರ್ ಮಾಡಿ.

ಎಣ್ಣೆ ಸೋರುತ್ತಿದ್ದರೂ ಇದೇ ಮಾತು. ಫೆದರ್ ಮಾಡುವುದು, ಅಂದರೆ ಪ್ರೊಪೆಲ್ಲರ್ ರೆಕ್ಕೆಗಳನ್ನು ಗಾಳಿಗೆ ಅಂಚು ಮಾಡಿ ನಿಲ್ಲಿಸುವುದೂ ಎಣ್ಣೆಯ ಒತ್ತಡದಿಂದಲೇ. ಎಣ್ಣೆ ಪೂರ್ತಿ ಹೋದ ಮೇಲೆ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ಗಾಳಿಯೇ ಅದನ್ನು ತಿರುಗಿಸುತ್ತಾ, ಒಣ ಬೇರಿಂಗ್ ಉಜ್ಜುತ್ತಾ, ಕೊನೆಗೆ ಕಿತ್ತು ಎಸೆಯುತ್ತದೆ. ಮೂರು ಎಂಜಿನ್‌ನಲ್ಲಿ ದಾರಿಯ ನಡುವಿನ ಐವೋ ಜಿಮಾ ದ್ವೀಪ ಸೇರಿಕೊಳ್ಳಿ. 1945ರ ಮಾರ್ಚ್ 4ರಂದು ಅಲ್ಲಿ ಮೊದಲ ಬಿ-29 ತುರ್ತಾಗಿ ಇಳಿಯಿತು. ಯುದ್ಧ ಮುಗಿಯುವ ಹೊತ್ತಿಗೆ ಅಲ್ಲಿ ಇಳಿದದ್ದು 2,000ಕ್ಕೂ ಹೆಚ್ಚು ಸಲ.

ಎಲ್ಲ ಸರಿ ಇದೆ, ಆದರೂ ಕಾಯುತ್ತಿದೆ

ಈ ದೂರಿಗೆ ಮೆಕ್ಯಾನಿಕ್ ಹತ್ತಿರ ಉತ್ತರ ಇಲ್ಲ. ಪಕ್ಕದ ಸೈಪಾನ್ ದ್ವೀಪದಿಂದ 1944ರ ನವೆಂಬರ್ 24ರಂದು ಟೋಕಿಯೋ ಕಡೆ ಹೊರಟ ಮೊದಲ ದೊಡ್ಡ ದಾಳಿ ನೋಡಿ. 111 ವಿಮಾನ ಎದ್ದವು, 17 ದಾರಿಯಲ್ಲೇ ವಾಪಸ್ ಬಂದವು. ಮುಖ್ಯ ಗುರಿಯಾದ ಮುಸಾಶಿನೋ ಎಂಜಿನ್ ಕಾರ್ಖಾನೆ ಮೇಲೆ ಬಾಂಬ್ ಹಾಕಿದ್ದು 24 ಮಾತ್ರ. ಆಗ ಹಾರುತ್ತಿದ್ದದ್ದು ಸುಮಾರು 30,000 ಅಡಿ ಎತ್ತರದಲ್ಲಿ. ಅಷ್ಟು ಭಾರ ಹೊತ್ತು ಅಲ್ಲಿಗೆ ಏರಲು ಎಂಜಿನ್ ಗಂಟೆಗಟ್ಟಲೆ ಏದುಸಿರು ಬಿಡಬೇಕು. ಮೇಲೆ ಚಳಿ ಇದೆ, ಆದರೆ ಗಾಳಿ ತೆಳು, ಬಿಸಿ ಹೊತ್ತೊಯ್ಯಲು ಸಾಲದು. ಅದರ ಮೇಲೆ ಜೆಟ್ ಸ್ಟ್ರೀಮ್ ಅನ್ನುವ ಎತ್ತರದ ಬಿರುಗಾಳಿಯ ಹೊಡೆತ. ಎಷ್ಟು ಬ್ಯಾಫಲ್ ಬಿಗಿ ಮಾಡಿದರೂ ಇದಕ್ಕೆ ಮದ್ದಿಲ್ಲ.

ಮದ್ದು ಬಂದದ್ದು ಯೋಜನೆಯ ಮೇಜಿನಿಂದ. 1945ರ ಜನವರಿಯಲ್ಲಿ ಈ ಬಿ-29 ಪಡೆಯ ಅಧಿಕಾರ ವಹಿಸಿಕೊಂಡ ಜನರಲ್ ಕರ್ಟಿಸ್ ಲಿಮೇ ಮಾರ್ಚ್‌ನಲ್ಲಿ ವಿಮಾನಗಳನ್ನು ರಾತ್ರಿ ಹೊತ್ತು 5,000ದಿಂದ 9,000 ಅಡಿಗೆ ಇಳಿಸಿದರು. ದೀರ್ಘ ಏರಿಕೆ ಹೋಯಿತು, ಇಂಧನ ಉಳಿಯಿತು, ಬಾಂಬ್ ಹೊರೆ ಹೆಚ್ಚಿತು, ಎಂಜಿನ್‌ಗಳು ಉಸಿರಾಡಿದವು. ಬರೀ ದೋಷ ನಿವಾರಣೆಯ ಕಣ್ಣಿಂದ ನೋಡಿದರೆ ಅಚ್ಚುಕಟ್ಟಾದ ಪರಿಹಾರ. ಮಾರ್ಚ್ 9–10ರ ಆ ಮೊದಲ ರಾತ್ರಿ ಟೋಕಿಯೋದಲ್ಲಿ ಬೆಂಕಿ ಬಾಂಬ್‌ಗಳಿಂದ ಸುಮಾರು ಒಂದು ಲಕ್ಷ ಜನ ಸತ್ತರು, ಬಹುಪಾಲು ಸಾಮಾನ್ಯ ಜನ. ತಣ್ಣಗೆ ಓಡಿದ ಎಂಜಿನ್‌ಗಳ ಲೆಕ್ಕ ಬರೆಯುವವರು ಇದನ್ನೂ ಅದೇ ಪುಟದಲ್ಲಿ ಬರೆಯಬೇಕು ಅಂತ ನನ್ನ ಅಭಿಪ್ರಾಯ.

ಹೋಗಬಹುದಾ, ಬೇಡವಾ?

ಸಣ್ಣ ದೋಷ ಇಟ್ಟುಕೊಂಡು ಹೊರಡುವ ತೀರ್ಮಾನಕ್ಕೆ ಎರಡು ಉದಾಹರಣೆ ಸಾಕು, ಎರಡೂ ಇದೇ ನಾರ್ತ್ ಫೀಲ್ಡ್‌ನವು. ಹಿರೋಷಿಮಾ ಬಾಂಬಿನ ಜವಾಬ್ದಾರಿ ಹೊತ್ತ ನೌಕಾಪಡೆ ಅಧಿಕಾರಿ ವಿಲಿಯಂ ಪಾರ್ಸನ್ಸ್, ನಾಲ್ಕು ಬಿ-29ಗಳು ಟೇಕಾಫ್‌ನಲ್ಲೇ ಬಿದ್ದು ಉರಿದದ್ದನ್ನು ಕಣ್ಣಾರೆ ಕಂಡಿದ್ದರು. ಆದ್ದರಿಂದ ಬಾಂಬನ್ನು ನೆಲದ ಮೇಲೆ ಸಜ್ಜು ಮಾಡದೆ, ಹಾರಿದ ಮೇಲೆ ವಿಮಾನದೊಳಗೆ ತಾವೇ ಸಜ್ಜು ಮಾಡಿದರು. ದೋಷ ತೆಗೆಯಲು ಆಗದಿದ್ದರೆ ಅದರ ಪರಿಣಾಮ ಕಡಿಮೆ ಮಾಡುವ ದಾರಿ ಅದು.

ಮೂರು ದಿನ ಬಿಟ್ಟು, ಆಗಸ್ಟ್ 9ರಂದು, ನಾಗಸಾಕಿಗೆ ಹೋದ ಬಾಕ್ಸ್‌ಕಾರ್ ವಿಮಾನದಲ್ಲಿ ಇಂಧನ ವರ್ಗಾಯಿಸುವ ಒಂದು ಪಂಪ್ ಕೆಟ್ಟಿತ್ತು. ಮೀಸಲು ಟ್ಯಾಂಕಿನ 640 ಗ್ಯಾಲನ್ ಪೆಟ್ರೋಲ್ ಬಳಸಲು ಆಗದು, ಕೆಳಗೆ ಚೆಲ್ಲಲೂ ಆಗದು, ಹೊತ್ತುಕೊಂಡು ಹೋಗಬೇಕು. ಪಂಪ್ ಬದಲಿಸಲು ಹೊತ್ತಿಲ್ಲ ಅಂತ ಹೊರಟರು. ಕೊನೆಗೆ ಟಿನಿಯನ್ ತಲುಪಲಾರದೆ ಓಕಿನಾವಾದಲ್ಲಿ, ಟ್ಯಾಂಕ್ ಬಹುತೇಕ ಬರಿದಾಗಿ ಇಳಿದರು. ಒಂದು ಪಂಪ್.

ಅಂದಹಾಗೆ, ಈ ಎರಡು ವಿಮಾನಗಳ ಎಂಜಿನ್‌ಗಳಲ್ಲಿ ಕಾರ್ಬುರೇಟರ್ ಬದಲು ಫ್ಯುಯೆಲ್ ಇಂಜೆಕ್ಷನ್ ಇತ್ತು. ಪೆಟ್ರೋಲ್ ನೇರ ಸಿಲಿಂಡರ್‌ಗೆ ಹೋಗುವುದರಿಂದ ಇನ್‌ಟೇಕ್ ಬೆಂಕಿಯ ಭಯ ಬಹಳ ಕಡಿಮೆ. ನಿಮ್ಮ ವಿಮಾನ ಆ ಪುಣ್ಯ ಮಾಡಿಲ್ಲದಿದ್ದರೆ ಮೇಲಿನ ಇನ್‌ಟೇಕ್ ಸೀಲ್ ಭಾಗ ಮತ್ತೊಮ್ಮೆ ಓದಿ.

ಎಂಜಿನ್ ಬದಲಿಸಿದ ಮೇಲೆ

ಹೊಸ ಎಂಜಿನ್ ಕೂರಿಸಿದಿರಿ, ಅದೂ ಕಾಯಿತು. ಆಗುವಂಥದ್ದೇ. ಎಂಜಿನ್ ಹೊಸದು, ಆದರೆ ಥರ್ಮೋಕಪಲ್ ತಂತಿ ಹಳೆಯದು, ಕೌಲ್ ಫ್ಲ್ಯಾಪ್ ಮೋಟರ್ ಹಳೆಯದು. ಮೊದಲು ಅವನ್ನು ನೋಡಿ. ಶುರು ಮಾಡುವ ಮುಂಚೆ ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸುವುದು ತಪ್ಪಿಸಬೇಡಿ. ಕೆಳಗಿನ ಸಿಲಿಂಡರ್‌ಗಳಲ್ಲಿ ಎಣ್ಣೆ ಇಳಿದು ನಿಂತಿರುತ್ತದೆ, ಅದು ಒತ್ತಿದರೆ ಕುಗ್ಗುವುದಿಲ್ಲ, ಸ್ಟಾರ್ಟರ್ ಬಲಕ್ಕೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತಿರುಗಿಸುವಾಗ ಕೈಗೆ ಗಟ್ಟಿ ತಡೆ ಸಿಕ್ಕರೆ ಬಲ ಹಾಕಬೇಡಿ, ಹಿಂದಕ್ಕೂ ತಿರುಗಿಸಬೇಡಿ. ಕೆಳಗಿನ ಸಿಲಿಂಡರ್‌ನ ಪ್ಲಗ್ ಬಿಚ್ಚಿ, ಎಣ್ಣೆ ಸುರಿದು ಹೋಗಲಿ, ಆಮೇಲೆ ಮತ್ತೆ ತಿರುಗಿಸಿ. ಮೊದಲ ಓಟ ಮುಗಿದ ಮೇಲೆ ಹೊದಿಕೆ ತೆಗೆದು ಬ್ಯಾಫಲ್ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಬಿಸಿಗೆ ತಗಡು ಹಿಗ್ಗಿ, ತಣಿದು ಕುಗ್ಗಿ, ಸ್ಕ್ರೂ ಸಡಿಲ ಆಗಿಯೇ ಆಗಿರುತ್ತದೆ.